ರಾಡ್ ಬಿತ್ತು, ತಪ್ಪು ಟವೆಲ್‌ದು

ಬೆಳಗ್ಗೆ ಆರೂವರೆಗೆ ಬಚ್ಚಲಲ್ಲಿ ಧಡಾರ್ ಅಂತ ಸದ್ದು. ಹೋಗಿ ನೋಡಿದರೆ ಟವೆಲ್ ರಾಡ್ ನೆಲದ ಮೇಲೆ ಅಡ್ಡ ಬಿದ್ದಿದೆ. ಸ್ಕ್ರೂಗಳು ಪ್ಲಾಸ್ಟಿಕ್ ಪ್ಲಗ್ಗನ್ನೂ ಕಿತ್ತುಕೊಂಡೇ ಬಂದಿವೆ. ಗೋಡೆಯಲ್ಲಿ ನಾಲ್ಕು ತೂತು, ಒಂದೊಂದರಿಂದಲೂ ಬಿಳಿ ಪುಡಿ ಉದುರುತ್ತಿದೆ.

ಕೂಡಲೇ ಮನೆಯಲ್ಲಿ ವಿಚಾರಣೆ ಶುರು. "ಒದ್ದೆ ಟವೆಲ್ ಯಾರು ಹಾಕಿದ್ದು?" ಟವೆಲ್ ರಾಡಿಗೆ ಟವೆಲ್ ಹಾಕಿದ್ದೇ ಅಪರಾಧ! ಮೈ ಒರೆಸಿದ ಮೇಲೆ ಟವೆಲ್ ಒದ್ದೆಯಾಗದೆ ಇನ್ನೇನಾಗಬೇಕಿತ್ತೋ.

ಗೋಡೆಯನ್ನು ಮಾತ್ರ ಯಾರೂ ಪ್ರಶ್ನಿಸಲಿಲ್ಲ. ಅದು ಗೋಡೆ ಅಲ್ವಾ, ಗೌರವ. ಆದರೆ ನಮ್ಮ ಬಚ್ಚಲಿನದು ಡ್ರೈವಾಲ್. ಅಂದರೆ ಎರಡು ಕಾಗದದ ನಡುವೆ ಜಿಪ್ಸಮ್ ತುಂಬಿದ ಬೋರ್ಡು, ಅಷ್ಟೆ. ದಪ್ಪ ಸಾಮಾನ್ಯವಾಗಿ 12.5 ಮಿಲಿಮೀಟರ್. ಅದರ ಹಿಂದೆ ಬರೀ ಗಾಳಿ. 1894ರಲ್ಲಿ ಅಗಸ್ಟೀನ್ ಸ್ಯಾಕೆಟ್ ಎಂಬ ಅಮೆರಿಕದವನು ಇದರ ಮುತ್ತಜ್ಜನಿಗೆ ಪೇಟೆಂಟ್ ಪಡೆದ. ಅವನನ್ನು ಬೈಯುವುದು ಬೇಡ. ಜಿಪ್ಸಮ್‌ನ ತೂಕದಲ್ಲಿ ಐದರಲ್ಲೊಂದು ಪಾಲು ನೀರೇ ಇರುವುದರಿಂದ, ಬೆಂಕಿ ಬಿದ್ದರೆ ಈ ಗೋಡೆ ಸ್ವಲ್ಪ ಹೊತ್ತು ತಡೆಯುತ್ತದೆ. ಟವೆಲ್ ಬಿದ್ದರೆ ತಡೆಯುವುದಿಲ್ಲ.

ರಾಡಿನ ಜೊತೆ ಪುಕ್ಕಟೆ ಬರುವ ಪ್ಲಗ್ಗಿನದು ಇನ್ನೊಂದು ಕಥೆ. ಸ್ಕ್ರೂ ಒಳಗೆ ಹೋದಂತೆ ಅದು ಉಬ್ಬುತ್ತದೆ, ಉಬ್ಬಿ ಇಟ್ಟಿಗೆಯನ್ನು ಕಚ್ಚಿ ಹಿಡಿಯುತ್ತದೆ. ಇಲ್ಲಿ ಕಚ್ಚುವುದಕ್ಕೆ ಏನಿದೆ? ಉಬ್ಬಿ ಉಬ್ಬಿ ಸುತ್ತಲಿನ ಜಿಪ್ಸಮ್ಮನ್ನೇ ಪುಡಿ ಮಾಡುತ್ತದೆ. ರಾಡಿನ ಜೊತೆ ಬರುವ ಸೂಚನೆ ಚೀಟಿಯ ಚಿತ್ರದಲ್ಲಿ ಗೋಡೆಯನ್ನು ಒಂದೇ ಗೆರೆಯಲ್ಲಿ ಬರೆದಿರುತ್ತಾರೆ. ಅದು ಇಟ್ಟಿಗೆಯೋ ಬೋರ್ಡೋ, ಓದುವವನ ಹಣೆಬರಹ.

ಹಾಗಾದರೆ ಹಿಂದಿನ ಸ್ಟಡ್ಡಿಗೇ, ಅಂದರೆ ಬೋರ್ಡನ್ನು ಸ್ಕ್ರೂ ಹೊಡೆದು ನಿಲ್ಲಿಸಿರುವ ಕಂಬಕ್ಕೇ, ಸ್ಕ್ರೂ ಹಾಕಿ ಅನ್ನುತ್ತಾರೆ ತಿಳಿದವರು. ಗೋಡೆಗೆ ಕಿವಿಯಿಟ್ಟು ತಟ್ಟಬೇಕಂತೆ. ಡಬ್ ಅಂದರೆ ಗಾಳಿ, ಟಕ್ ಅಂದರೆ ಕಂಬ. ಅರ್ಧ ಗಂಟೆ ತಟ್ಟಿದೆ, ಡಾಕ್ಟರ್ ರೋಗಿಯ ಬೆನ್ನು ತಟ್ಟಿದ ಹಾಗೆ. ಕೊನೆಗೆ ಆಯಸ್ಕಾಂತ ತಂದು ಸರಿಸಿದಾಗ ಬೋರ್ಡಿನ ಸ್ಕ್ರೂಗೆ ಅಂಟಿತು, ಕಂಬ ಸಿಕ್ಕಿತು. ಕಂಬಗಳು 16 ಇಂಚಿಗೊಂದು. ರಾಡಿನ ಉದ್ದ 18 ಇಂಚು. ಅಂಗಡಿಯಲ್ಲಿ ಬೇರೆ ಅಳತೆ ಇಲ್ಲವಾ ಅಂದರೆ ಇದೆ, 24. ಅಂದರೆ ರಾಡಿನ ಒಂದು ಕಾಲು ಇರುವುದು ಕಂಬದ ಮೇಲೆ, ಇನ್ನೊಂದು ಗಾಳಿಯಲ್ಲಿ. ಕಂಬ ನಿಲ್ಲಿಸುವವರೂ ರಾಡ್ ಮಾಡುವವರೂ ಇಷ್ಟು ವರ್ಷದಲ್ಲಿ ಒಂದು ಸಲವೂ ಜೊತೆಯಲ್ಲಿ ಟೀ ಕುಡಿದಿಲ್ಲ ಅಂತ ಕಾಣುತ್ತೆ.

ಬೋರ್ಡ್ ಮುಚ್ಚುವ ಮೊದಲು ಎರಡು ಕಂಬದ ನಡುವೆ ಒಂದು ಅಡ್ಡ ಮರ ಬಡಿದಿದ್ದರೆ ಇದ್ಯಾವುದೂ ಬೇಡವಾಗಿತ್ತು. ಹತ್ತು ನಿಮಿಷದ ಕೆಲಸ. ಇಲ್ಲಿ ರಾಡ್ ಬರುತ್ತದೆ ಅಂತ ಎಲ್ಲರಿಗೂ ಗೊತ್ತು, ನಕ್ಷೆಯಲ್ಲಿ ಅದರ ಬಣ್ಣ ಕೂಡ ಬರೆದಿರುತ್ತಾರೆ. ಬಡಗಿಯನ್ನು ಕೇಳಿದರೆ ಪ್ಲಂಬರ್ ಹೇಳಲಿಲ್ಲ ಅಂತಾನೆ. ಪ್ಲಂಬರನ್ನು ಕೇಳಿದರೆ ನಲ್ಲಿ ಮಾತ್ರ ನಂದು ಅಂತಾನೆ. ಬೋರ್ಡಿನವನು ಬಂದ, ಮುಚ್ಚಿದ, ಹೋದ.

ಇನ್ನೊಂದು ವಿಷಯ. ಅಂಗವಿಕಲರ ಅನುಕೂಲಕ್ಕಾಗಿ ಹಾಕುವ ಹಿಡಿಕೆ 250 ಪೌಂಡ್, ಅಂದರೆ ಸುಮಾರು 113 ಕಿಲೋ ತಡೆಯಬೇಕು ಅಂತ ಅಮೆರಿಕದಲ್ಲಿ ನಿಯಮವಿದೆ. ಒಳ್ಳೆಯದೇ. ಆದರೆ ಸೋಪಿನ ನೀರಲ್ಲಿ ಜಾರುವವನು ಇದು ಹಿಡಿಕೆ, ಅದು ರಾಡ್ ಅಂತ ನೋಡಿಕೊಂಡು ಕೈ ಚಾಚುತ್ತಾನಾ?

ನಾನು ಕೊನೆಗೆ ಒಂದು ಕಾಲನ್ನು ಕಂಬಕ್ಕೇ ಕಚ್ಚಿಸಿದೆ. ಇನ್ನೊಂದಕ್ಕೆ ಟಾಗಲ್ ಬೋಲ್ಟ್ ತಂದೆ. ತೂತು ಸ್ವಲ್ಪ ದೊಡ್ಡದೇ ಬೇಕು. ಬೋಲ್ಟಿನ ತುದಿಯ ರೆಕ್ಕೆ ಮಡಚಿಕೊಂಡು ಒಳಗೆ ಹೋಗುತ್ತದೆ, ಬೋರ್ಡಿನ ಹಿಂದೆ ಟಪ್ ಅಂತ ಬಿಚ್ಚಿಕೊಳ್ಳುತ್ತದೆ. ಈಗ ಜಗ್ಗಿದರೂ ರಾಡ್ ಅಲುಗುವುದಿಲ್ಲ.

ಮನೆಯವರೆಲ್ಲ ಬಂದು ಮುಟ್ಟಿ ನೋಡಿದರು, ಮೆಚ್ಚಿದರು. ಆಮೇಲೆ ಟವೆಲ್ ತೆಗೆದುಕೊಂಡು ಹೋಗಿ ಬಾಗಿಲ ಮೇಲೆ ಹಾಕಿದರು.