ದಿವಾನಖಾನೆ ನೋಡಿದ್ದು ಸಾಕು, ಹಿತ್ತಿಲಿಗೆ ಬನ್ನಿ

ಅಮೆರಿಕದ ಸೌತ್ ಕೆರೊಲೈನಾ ರಾಜ್ಯದ ಚಾರ್ಲ್ಸ್‌ಟನ್‌ನಿಂದ ಈಗಷ್ಟೇ ವಾಪಸ್ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹಳೇ ಮನೆ ಕಂಡರೆ ಒಳಗೆ ಹೋಗದೆ ಮುಂದೆ ಹೋಗುವವಳಲ್ಲ ನಾನು, ನಿಮಗೆಲ್ಲ ಗೊತ್ತು. ಅಲ್ಲಿ ಗುಲಾಮಗಿರಿಯ ಕಾಲದ ಒಂದು ಶ್ರೀಮಂತರ ಮನೆಗೆ ಟಿಕೆಟ್ ತಗೊಂಡು ಹೋದೆವು. ತೂಗುದೀಪ ಎಲ್ಲಿಂದ ತರಿಸಿದ್ದು, ಪಿಂಗಾಣಿ ತಟ್ಟೆ ಯಾವ ದೇಶದ್ದು, ಎಲ್ಲ ಗೈಡ್ ಬಿಡಿಸಿ ಬಿಡಿಸಿ ಹೇಳಿದರು. ಕಿಟಕಿಯಾಚೆ ಹಿತ್ತಿಲಲ್ಲಿ ಎರಡಂತಸ್ತಿನ ಇಟ್ಟಿಗೆ ಕಟ್ಟಡ ಕಾಣುತ್ತಿತ್ತು. ಅದೇನು ಅಂತ ಕೇಳಿದೆ. ಅಡುಗೆಮನೆ ಅಂದವರೇ ಮುಂದಿನ ಕೋಣೆಗೆ ನಡೆದುಬಿಟ್ಟರು.

ಅಷ್ಟೇನಾ? ಆ ಊರಲ್ಲಿ ಅಡುಗೆಮನೆಯನ್ನು ಬೇರೆ ಕಟ್ಟುತ್ತಿದ್ದದ್ದು ಸೆಕೆಗೆ, ಬೆಂಕಿಯ ಭಯಕ್ಕೆ. ಕೆಳಗೆ ಒಲೆ, ಮೇಲೆ ಗುಲಾಮರು ಮಲಗುವ ಕೋಣೆ. ಯಜಮಾನರ ಮನೆ ಒಂದೇ ಕೋಣೆ ಅಗಲ, ಗಾಳಿ ಆಡಲಿ ಅಂತ ಪಕ್ಕದುದ್ದಕ್ಕೂ ಪಡಸಾಲೆ. ಗಾಳಿ ಯಾರಿಗೆ, ಶಾಖ ಯಾರಿಗೆ ಅನ್ನುವುದು ಗೋಡೆಯಲ್ಲೇ ಕಾಣುತ್ತದೆ. ಅದನ್ನು ಹೇಳದೆ ತೂಗುದೀಪದ ಕಥೆ ಹೇಳಿದರೆ ಹೇಗೆ?

ನಮ್ಮಪ್ಪ ಗಾರೆ ಕೆಲಸದವರು. ಅವರು ಕಟ್ಟಿದ ಮನೆಗಳ ಬಾಗಿಲ ಮೇಲೆಲ್ಲ ಓನರ್ ಹೆಸರಿದೆ, ಅಪ್ಪನ ಹೆಸರು ಎಲ್ಲೂ ಇಲ್ಲ. ಬಹುಶಃ ಅದಕ್ಕೇ ನನಗೆ ಇಷ್ಟು ಉರಿಯುವುದು. ಚಾರ್ಲ್ಸ್‌ಟನ್‌ನ ಹಳೇ ಗೋಡೆಗಳನ್ನು ಹತ್ತಿರದಿಂದ ನೋಡಿ. ಕೆಲವು ಇಟ್ಟಿಗೆಗಳಲ್ಲಿ ಬೆರಳಿನ ಗುರುತಿದೆ. ಹಸಿ ಇಟ್ಟಿಗೆಯನ್ನು ಎತ್ತಿ ತಿರುಗಿಸುವಾಗ ಬೆರಳು ಒತ್ತಿದ್ದು, ಗೂಡಿನಲ್ಲಿ ಸುಟ್ಟು ಹಾಗೇ ಉಳಿದಿದೆ. ಇಟ್ಟಿಗೆ ಮಾಡಿದವರು ಗುಲಾಮರು. ಕೆಲವು ಗುರುತುಗಳು ಎಷ್ಟು ಸಣ್ಣವೆಂದರೆ ಮಕ್ಕಳದೇ ಇರಬೇಕು. ಗಂಟಲು ಕಟ್ಟಿಬಂತು ನನಗೆ.

ಚಾರ್ಲ್ಸ್‌ಟನ್ ಮ್ಯೂಸಿಯಂನಲ್ಲಿ ತಾಮ್ರದ ಬಿಲ್ಲೆಗಳಿವೆ. ಗುಲಾಮರನ್ನು ಬೇರೆಯವರ ಕೆಲಸಕ್ಕೆ ಬಾಡಿಗೆಗೆ ಕಳಿಸಬೇಕಾದರೆ ಒಡೆಯರು ವರ್ಷ ವರ್ಷ ಊರಿನ ಆಡಳಿತಕ್ಕೆ ದುಡ್ಡು ಕಟ್ಟಿ ತರಬೇಕಿದ್ದ ಬಿಲ್ಲೆ. ಊರಿನ ಹೆಸರು, ಇಸವಿ, ನಂಬರು, ಮಾಡುವ ಕೆಲಸ, ಎಲ್ಲ ಅಚ್ಚಾಗಿದೆ. ಮನುಷ್ಯನ ಹೆಸರು ಮಾತ್ರ ಇಲ್ಲ.

ಇನ್ನು ಆ ಶ್ರೀಮಂತಿಕೆ ಬಂದದ್ದಾದರೂ ಎಲ್ಲಿಂದ? ಬಹುಪಾಲು ಭತ್ತದಿಂದ. ಕೆರೊಲೈನಾ ಗೋಲ್ಡ್ ಅಂತ ಹೆಸರಾದ ಅಕ್ಕಿ. ಜೌಗು ಕಾಡು ಕಡಿದು, ಬದು ಹಾಕಿ, ತೂಬು ಇಟ್ಟು, ಉಬ್ಬರಕ್ಕೆ ನದಿ ನೀರು ಏರಿದಾಗ ಗದ್ದೆಗೆ ಬಿಟ್ಟು, ಇಳಿದಾಗ ಹೊರಗೆ ಹರಿಸಿದವರು ಗುಲಾಮರು. ಅವರಲ್ಲಿ ಎಷ್ಟೋ ಜನ ಪಶ್ಚಿಮ ಆಫ್ರಿಕಾದ ಭತ್ತ ಬೆಳೆಯುವ ಸೀಮೆಯವರು, ಬೇಸಾಯ ಬಲ್ಲವರು. ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಿ, ಹುಲ್ಲಿನ ಅಗಲ ಬುಟ್ಟಿಯಲ್ಲಿ ತೂರುತ್ತಿದ್ದರು, ನಾವು ಮೊರದಲ್ಲಿ ಕೇರುವ ಹಾಗೆ. ಆ ಹೆಣಿಗೆ ಇವತ್ತಿಗೂ ಇದೆ. ಸಿಟಿ ಮಾರ್ಕೆಟ್‌ನಲ್ಲಿ ಆ ಗುಲಾಮರ ವಂಶದವರಾದ ಗಲ್ಲಾ (Gullah) ಸಮುದಾಯದ ಹೆಂಗಸರು ಕೂತಲ್ಲೇ ಬುಟ್ಟಿ ಹೆಣೆದು ಮಾರುತ್ತಾರೆ. ತೂಗುದೀಪಕ್ಕೆ ಬಾಯಿ ಬಿಟ್ಟು ನಿಂತಿದ್ದವರೇ ಅಲ್ಲಿ ಹೋಗಿ ರೇಟು ಜಾಸ್ತಿ ಅಂತ ಚೌಕಾಸಿ ಮಾಡುತ್ತಿದ್ದರು. ನೋಡಲಾಗಲಿಲ್ಲ.

ಜೊತೆಗೆ ಬಂದಿದ್ದವರು ಅಂದರು, "ರಜೆಗೆ ಬಂದವರ ಮೂಡ್ ಯಾಕೆ ಹಾಳು ಮಾಡಬೇಕು? ಸುಮ್ನೆ ಚೆಂದ ನೋಡ್ಕೊಂಡು ಹೋಗಲಿ ಬಿಡಿ." ನೋಡಲಿ, ಯಾರು ಬೇಡ ಅಂದರು? ಆದರೆ ಆ ಚೆಂದವನ್ನು ಕಟ್ಟಿದವರನ್ನು ಬಿಟ್ಟು ನೋಡಿದರೆ ಅರ್ಧ ಮನೆಯನ್ನೂ ನೋಡಿದ ಹಾಗಾಗಲಿಲ್ಲ, ಅಲ್ವಾ? ದುಡ್ಡು ಕೊಟ್ಟದ್ದು ಪೂರ್ತಿ ಮನೆಗೆ.

ಸರಿಯಾಗಿ ತೋರಿಸುವ ಕಡೆಯೂ ಇದೆ. ಅದೇ ಊರಿನಲ್ಲಿ ಏಕನ್-ರೆಟ್ ಹೌಸ್‌ಗೆ ಹೋಗಿ. 1820ರದ್ದು. ಬಣ್ಣ ಬಳಿದು ಹೊಸದು ಮಾಡದೆ, ಸಿಕ್ಕ ಸ್ಥಿತಿಯಲ್ಲೇ ಕಾಪಾಡಿದ್ದಾರೆ. ಹಿತ್ತಿಲ ಅಡುಗೆಮನೆ, ಬಟ್ಟೆ ಒಗೆಯುವ ಕೋಣೆ, ಕುದುರೆ ಲಾಯ, ಗುಲಾಮರ ಕೋಣೆಗಳು ಎಲ್ಲ ಉಳಿದಿವೆ. ಹೋಗುವವರು ಇನ್‌ಬಾಕ್ಸ್‌ಗೆ ಬನ್ನಿ, ಬೆರಳಿನ ಗುರುತಿರುವ ಗೋಡೆ ಯಾವ ಬೀದಿಯಲ್ಲಿದೆ ಅಂತ ಹೇಳುತ್ತೇನೆ.