ಅಂಟು ಒಣಗುವಷ್ಟರಲ್ಲಿ ಒಂದು ಗಾಳ

ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆ ನಲ್ಲಿ ರಿಪೇರಿ, ಹಂಚು ರಿಪೇರಿ, ಪಂಪ್ ರಿಪೇರಿ ಅಂತ ಊರೂರು ತಿರುಗುವವರಲ್ಲಿ ಒಂದು ಪಂಗಡವೇ ಬೇರೆ. ಬೈಕಿನ ಒಂದು ಬದಿಗೆ ಪೈಪ್ ರೆಂಚಿನ ಚೀಲ, ಇನ್ನೊಂದು ಬದಿಗೆ ಗಾಳದ ಕೋಲು. ಇವರಿಗೆ ಫೋನ್ ಮಾಡಿ "ಎಲ್ಲಿದೀಯ ಮಾರಾಯ?" ಅಂದರೆ "ಇಲ್ಲೇ ಅಮ್ಮ, ಬಂದೆ" ಅನ್ನುತ್ತಾರೆ. ಹಿಂದೆ ಜೋರಾಗಿ ನೀರು ಹರಿಯುವ ಸದ್ದು ಕೇಳುತ್ತದೆ. ಯಾರದೋ ಮನೆಯ ಮೇನ್ ಲೈನೇ ಒಡೆದಿರಬೇಕು ಪಾಪ ಅಂತ ಅಮ್ಮ ಸುಮ್ಮನಾಗುತ್ತಾರೆ. ಅದು ತುಂಗೆ.

ರಿಪೇರಿಗೂ ಗಾಳಕ್ಕೂ ಇರುವ ಜಗಳವೆಲ್ಲ ಮಳೆಯದ್ದು. ಏಪ್ರಿಲ್‌ನಲ್ಲೇ ಹಂಚು ಕೈಯಾಡಿಸಿಬಿಡೋಣ ಅಂದರೆ "ಮಳೆ ಬರಲಿ, ಎಲ್ಲಿ ಸೋರುತ್ತೆ ನೋಡೋಣ" ಅನ್ನುವವರೇ ಎಲ್ಲರೂ. ಜೂನ್ 7-8ಕ್ಕೆ ಮೃಗಶಿರಾ ಮಳೆ ಹುಟ್ಟುತ್ತದೆ. ಅದು ಹಿಡಿದು ಹೊಡೆದ ಮೊದಲ ರಾತ್ರಿಯೇ ಊರಿನ ಅರ್ಧ ಮನೆ ಸೋರುತ್ತದೆ, ಅದೇ ರಾತ್ರಿ ಹೊಳೆಯ ಮೀನು ಹಳ್ಳ ಹಿಡಿದು ಗದ್ದೆಗೆ ಹತ್ತುತ್ತದೆ. ಹತ್ತುಮೀನಿನ ಹೊಟ್ಟೆ ತುಂಬ ಮೊಟ್ಟೆ. ಅದನ್ನು ಅದರ ಪಾಡಿಗೆ ಬಿಟ್ಟು ಸೋರುವ ಮನೆಗೆ ಹೋಗುವುದೇ ಸರಿ. ಆದರೆ ಸೋರುವ ಮನೆಗೆ ಹೋಗಲು ಗದ್ದೆ ಬದುವಿನ ಮೇಲೇ ಹೋಗಬೇಕಲ್ಲ, ಕೈಯಲ್ಲಿ ಟಾರ್ಚೂ ಇರುತ್ತದಲ್ಲ.

ಸೋರುವ ಮನೆಯಲ್ಲಿ ಕೆಲಸ ಬೇಗ ಮುಗಿಯಬೇಕೆಂದರೆ ಟಿವಿಯ ಮೇಲೆ ಸೋರಿತೆಂದು ಟಿವಿಯ ನೇರ ಮೇಲಿನ ಹಂಚು ಬದಲಿಸುವ ಚಟ ಬಿಡಬೇಕು. ಹಂಚಿನ ಬಿರುಕಲ್ಲಿ ಇಳಿದ ನೀರು ಹಂಚು ಕೂರುವ ಅಡ್ಡಪಟ್ಟಿಯಾದ ರೀಪಿನ ಗುಂಟ ಸರಿದು, ಅದರಡಿಯ ಇಳಿಜಾರು ಮರವಾದ ಪಕಾಸಿಯ ಗುಂಟ ಎರಡು ಮೂರು ಅಡಿ ಜಾರಿ, ತನಗೆ ಇಷ್ಟ ಬಂದ ಜಾಗದಲ್ಲಿ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕುವ ಜಾಗದಿಂದ ಮಾಡಿನ ಏರಿನ ಕಡೆಗೆ ಒದ್ದೆ ಗುರುತು ಹಿಡಿದುಕೊಂಡು ಹೋದರೆ ಕಳ್ಳ ಸಿಗುತ್ತಾನೆ. ಅಲ್ಲಿ ಹಂಚು ಗಟ್ಟಿಯಾಗಿಯೇ ಇದ್ದರೆ ಎರಡು ಮಾಡು ಕೂಡುವ ಒಳಮೂಲೆಯ ತಗಡು ನೋಡಿ: ಹಲಸಿನ ಎಲೆ ಕಟ್ಟಿಕೊಂಡು ನೀರು ಹಂಚಿನಡಿಗೆ ವಾಪಸ್ ನುಗ್ಗುತ್ತಿರುತ್ತದೆ. ಹಾವಸೆ ಕಟ್ಟಿದ ಮಾಡಿನ ಮೇಲೆ ಮಳೆಯಲ್ಲಿ ಹತ್ತುವ ಶೌರ್ಯ ಬೇಡ. ಅಡಿಯಲ್ಲಿ ಸೀಲಿಂಗ್ ಇಲ್ಲದಿದ್ದರೆ ಒಳಗಿನಿಂದಲೇ ಮೇಲಿನ ಸಾಲಿನ ಹಂಚು ಎತ್ತಿ, ಒಡೆದದ್ದನ್ನು ಎಳೆದು, ಹೊಸದನ್ನು ತೂರಿಸಬಹುದು. ಎತ್ತಿದಾಗ ಒಂದು ಕೊಡ ನೀರು ತೋಳಿನೊಳಗಿಂದ ಇಳಿದು ಚಡ್ಡಿಯವರೆಗೆ ಬರುತ್ತದೆ, ಅಷ್ಟೇ.

ಹಂಚಿನಲ್ಲಿ ಗಾಳಕ್ಕೆ ಸಮಯ ಸಿಗುವುದಿಲ್ಲ. ಸಮಯ ಸಿಗುವುದು ಅಂಟಿನಲ್ಲಿ. ಈ ಕಸುಬಿನ ಅರ್ಧ ಭಾಗ ಏನಾದರೊಂದು ಒಣಗಲಿ ಅಂತ ಕಾಯುವುದೇ, ಮತ್ತು ಯಾವುದು ಎಷ್ಟು ಹೊತ್ತು ಒಣಗುತ್ತದೆ ಎಂಬ ಲೆಕ್ಕ ಮನೆಯವರಿಗೆ ಗೊತ್ತಿರುವುದಿಲ್ಲ. ಎಂ-ಸೀಲ್‌ನ (ಸೋರಿಕೆ ಮುಚ್ಚುವ ಮೆತ್ತು ಅಂಟು) ಎರಡು ಉಂಡೆ ಸಮಸಮ ತೆಗೆದು ಬಣ್ಣ ಒಂದೇ ಆಗುವವರೆಗೆ ನಾದಿ, ಒರೆಸಿ ಒಣಗಿಸಿದ ಪೈಪಿಗೆ ಮೆತ್ತಿದರೆ ಗಟ್ಟಿಯಾಗಲು ಒಂದೆರಡು ಗಂಟೆ ಬೇಕು. ಆ ಹೊತ್ತಿಗೆ ಕೆರೆ ಏರಿಯ ಮೇಲೆ ಕೂತು ನಾಲ್ಕು ಜಿಲೇಬಿ ಮೀನು ಎತ್ತಬಹುದು. ಬಚ್ಚಲ ಟೈಲ್ಸ್ ಸಂದಿಗೆ ವೈಟ್ ಸಿಮೆಂಟ್ ತುಂಬಿದರೆ ರಾತ್ರಿಯಿಡೀ ನೀರು ಹಾಕುವಂತಿಲ್ಲ, ರಾತ್ರಿಯೆಂದರೆ ಮುಗುಡು, ಅಂದರೆ ಮೀಸೆ ಮೀನು. ಟೆರೇಸಿಗೆ ವಾಟರ್‌ಪ್ರೂಫ್ ಬಳಿದರೆ ಎರಡನೆಯ ಕೋಟು ಮೊದಲನೆಯದಕ್ಕೆ ಅಡ್ಡವಾಗಿ ಎಳೆಯಬೇಕು, ನಡುವೆ ನಾಲ್ಕೈದು ಗಂಟೆ ಬಿಡಬೇಕು. ಅದೊಂದು ಹೊಳೆಬದಿಯ ಮಧ್ಯಾಹ್ನ.

ಮೋಸ ಮಾಡುವುದು ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು. ಅದರ ಅಂಟು, ಸಾಲ್ವೆಂಟ್, ಬೇಗ ಹಿಡಿಯುತ್ತದೆ ಅಂತ ಆಸೆ ತೋರಿಸುತ್ತದೆ. ಪೈಪನ್ನು ನೇರ ಕತ್ತರಿಸಿ, ಅಂಚಿನ ಸಿಬಿರು ಕೆರೆದು, ಪೈಪಿಗೂ ಫಿಟಿಂಗಿಗೂ ಎರಡಕ್ಕೂ ಸವರಿ, ಕಾಲು ಸುತ್ತು ತಿರುಗಿಸುತ್ತ ಒತ್ತಿ, ಅರ್ಧ ನಿಮಿಷ ಕೈ ಬಿಡದೆ ಹಿಡಿಯಬೇಕು. ಫಿಟಿಂಗಿನ ಬಾಯಿ ಒಳಗೊಳಗೆ ಕಿರಿದಾಗುತ್ತ ಹೋಗುವುದರಿಂದ ಪೈಪು ಮೆಲ್ಲಗೆ ವಾಪಸ್ ಜಾರುತ್ತದೆ. ಗಾಳದವನ ಕಣ್ಣು ಗಡಿಯಾರದ ಮೇಲೆ. ಹತ್ತು ಸೆಕೆಂಡಿಗೇ ಕೈ ಬಿಡುತ್ತಾನೆ. ಮಳೆಗಾಲದ ಥಂಡಿಯಲ್ಲಿ ಅಂಟು ಬಲಿಯುವುದು ಇನ್ನೂ ನಿಧಾನ. ಸಂಜೆ ಟ್ಯಾಂಕಿನ ವಾಲ್ವ್ ತಿರುಗಿಸಿದಾಗ ಜಾಯಿಂಟ್ ಠುಸ್ ಅಂದು ಕಳಚಿ, ಗೋಡೆಗೆ ಹೊಸದಾಗಿ ಹೊಡೆಸಿದ ಬಣ್ಣದ ಮೇಲೆ ಜೋಗ ಇಳಿಯುತ್ತದೆ.

ಎರಡು ಕೆಲಸದ ಕೈಚಳಕವೂ ಒಂದೇ ಕೈಯಲ್ಲಿರುವುದು ಇನ್ನೊಂದು ಪೀಕಲಾಟ. ಟೆಫ್ಲಾನ್ ಟೇಪನ್ನು ನಲ್ಲಿಯ ಮರೆಯ (ತಿರುಪಿನ ಗೆರೆಯ) ಬಾಯಿ ನಮ್ಮ ಕಡೆ ಇಟ್ಟುಕೊಂಡು ಗಡಿಯಾರದ ಮುಳ್ಳಿನ ದಿಕ್ಕಿಗೆ, ಏಳೆಂಟು ಸುತ್ತು ಬಿಗಿಯಾಗಿ ಸುತ್ತಬೇಕು. ಉಲ್ಟಾ ಸುತ್ತಿದರೆ ನಲ್ಲಿ ತಿರುಗಿಸುವಾಗ ಟೇಪು ಬಿಚ್ಚಿಕೊಂಡು ಮದುವೆ ಮನೆಯ ರಿಬ್ಬನ್ನಿನ ಹಾಗೆ ಹೊರಗೆ ಬರುತ್ತದೆ. ಗಾಳದ ಕಣ್ಣಿಗೆ ತಂಗೂಸು (ನೈಲಾನ್ ದಾರ) ಪೋಣಿಸಿ ಐದಾರು ಸುತ್ತು ಹೊಸೆಯುವಾಗ ದಿಕ್ಕು ಯಾವುದಾದರೂ ನಡೆಯುತ್ತದೆ, ಆದರೆ ಗಂಟು ಎಳೆಯುವ ಮುಂಚೆ ಎಂಜಲು ಹಚ್ಚಲೇಬೇಕು. ಒಣಗಂಟು ಉಜ್ಜಿ ಬಿಸಿಯಾಗಿ ತಂಗೂಸಿನ ಜೀವ ಅಲ್ಲೇ ಹೋಗುತ್ತದೆ. ಹೊಳೆಯಿಂದ ಬಂದವನು ನಲ್ಲಿಯ ಮರೆಗೂ ಎಂಜಲು ಹಚ್ಚಿದ್ದನ್ನು ನೋಡಿದ ಮನೆಯವರು ಆ ನೀರನ್ನು ವಾರ ಕುಡಿಯಲಿಲ್ಲ.

ನಂಬರಿನ ಗೋಳೂ ಇದೆ. ಪೈಪಿನಲ್ಲಿ ನಂಬರ್ ದೊಡ್ಡದಾದರೆ ಪೈಪೂ ದೊಡ್ಡದು: ಅರ್ಧ ಇಂಚಿಗಿಂತ ಮುಕ್ಕಾಲು ದಪ್ಪ. ಗಾಳದಲ್ಲಿ ಲೆಕ್ಕ ತಲೆಕೆಳಗು: ಹತ್ತನೆ ನಂಬರ್ ಜಿಲೇಬಿಯ ಚಿಕ್ಕ ಬಾಯಿಗೆ, ಎರಡನೆ ನಂಬರ್ ದೊಡ್ಡ ಬಾಯಿಯ ಕೊರವ ಮೀನಿಗೆ. ಇನ್ನು ಓವರ್‌ಹೆಡ್ ಟ್ಯಾಂಕಿನ ವಾಲ್ವಿನ ತೇಲುಚೆಂಡು ತೂತಾಗಿ ನೀರು ಕುಡಿದು ಮುಳುಗಿದರೆ ವಾಲ್ವ್ ಮುಚ್ಚದೆ ಟ್ಯಾಂಕ್ ತುಂಬಿ ಹರಿಯುತ್ತದೆ. ಗಾಳದ ಬೆಂಡು ಮುಳುಗಿದರೆ ಮೀನು ಕಚ್ಚಿದೆ, ಹಬ್ಬ. ಟ್ಯಾಂಕಿನೊಳಗೆ ಚೆಂಡು ಮುಳುಗಿರುವುದನ್ನು ಕಂಡ ಕೂಡಲೇ ಕೈ ತಾನಾಗಿ ಮೇಲಕ್ಕೆ ಎಳೆಯುತ್ತದೆ, ಹಿತ್ತಾಳೆಯ ತೋಳು ಬಾಗುತ್ತದೆ, ಹೊಸ ಫ್ಲೋಟ್ ವಾಲ್ವ್ ಅವನದೇ ಖರ್ಚಲ್ಲಿ.

ಚೀಲ ಎರಡು ಇರಲೇಬೇಕು. ಒಂದೇ ಚೀಲವಾದರೆ ಕಡಲೆ ಹಿಂಡಿ, ಇಂಗು ಹಾಕಿ ನಾದಿದ ಮೇವಿನ ಉಂಡೆಗೂ ಎಂ-ಸೀಲ್ ಉಂಡೆಗೂ ಕತ್ತಲಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಹಿಂಡಿ ಮೆತ್ತಿದ ಪೈಪಿಗೆ ಬೆಳಿಗ್ಗೆ ಇರುವೆಯ ಮೆರವಣಿಗೆ. ಸಾಲ್ವೆಂಟ್ ಮುಟ್ಟಿದ ಕೈಯಲ್ಲಿ ಎರೆಹುಳು ಪೋಣಿಸಿದರೆ ಮುಗುಡು ಹತ್ತಿರವೂ ಸುಳಿಯುವುದಿಲ್ಲ ಅಂತ ಗಾಳದವರು ಪ್ರಮಾಣ ಮಾಡುತ್ತಾರೆ. ಅದರ ಮೀಸೆ, ಮೈಯೆಲ್ಲ ರುಚಿ ನೋಡುವ ಅಂಗವೇ ಆಗಿರುವುದರಿಂದ ನಂಬಬಹುದು. ಕೈಗೆ ಹೊಳೆಯ ಮಣ್ಣು ತಿಕ್ಕಿಕೊಂಡರೆ ಸಾಕು.

ಶೃಂಗೇರಿಯಲ್ಲಿ ಕೆಲಸ ಹಿಡಿಯುವಾಗ ಯೋಚಿಸಬೇಕು. ಮಠದ ಮೆಟ್ಟಿಲ ಬಳಿ ಮೊಣಕೈಯುದ್ದದ ಮೀನು ಮಂಡಕ್ಕಿಗೆ ಬಾಯಿ ತೆರೆದುಕೊಂಡು ನಿಂತಿರುತ್ತವೆ. ದೇವರ ಮೀನು, ಗಾಳ ಹಾಕುವಂತಿಲ್ಲ. ತೀರ್ಥಹಳ್ಳಿ ಬಳಿ ಚಿಪ್ಪಲಗುಡ್ಡೆಯ ಮತ್ಸ್ಯಧಾಮದಲ್ಲೂ ಇದೇ ಕಥೆ. ಸಿಲಿಕೋನ್ ಹಚ್ಚಿ ಒಂದು ದಿನ ಕಾಯಬೇಕಾದ ಕೆಲಸ ಅಲ್ಲಿ ಸಿಕ್ಕಿದರೆ ಮಂಡಕ್ಕಿ ಪೊಟ್ಟಣ ಹಿಡಿದು ಕೂತು ನಿಟ್ಟುಸಿರು ಬಿಡುವುದೊಂದೇ ದಾರಿ.

ಹಿಡಿದ ಮೇಲೂ ಮುಗುಡು ಬಿಡುವುದಿಲ್ಲ. ಎದೆಯ ಎರಡೂ ಪಕ್ಕದ ರೆಕ್ಕೆಯಲ್ಲಿ ಒಂದೊಂದು ಮುಳ್ಳಿದೆ. ಆ ಮುಳ್ಳಿನ ಹಿಂದೆ ಬೆರಳು ಕೊಟ್ಟು ಹಿಡಿಯಬೇಕು. ಚುಚ್ಚಿಸಿಕೊಂಡರೆ ಕೈ ತಡೆಯುವಷ್ಟು ಬಿಸಿನೀರಲ್ಲಿ ಅದ್ದಿಕೊಳ್ಳುವುದು ಮದ್ದು. ಬಿಸಿನೀರು ಕೇಳಿದರೆ ಮನೆಯ ಅಮ್ಮ "ಗೀಸರ್ ನೀನೇ ಬಿಚ್ಚಿಟ್ಟು ಹೋಗಿದ್ದಲ್ಲ" ಅನ್ನುತ್ತಾರೆ.

ಹಾಗಾಗಿ ಮುಗುಡನ್ನು ಕೆಲಸದ ಮನೆಗೆ ತರಬಾರದು. ತಂದರೂ ಬಕೆಟ್ಟಿಗೆ ಮುಚ್ಚಳ ಹಾಕಿ ಮೇಲೊಂದು ಕಲ್ಲು ಇಡಬೇಕು. ಅದು ಗಾಳಿಯನ್ನೂ ಉಸಿರಾಡುತ್ತದೆ, ಮುಳ್ಳು ಊರಿಕೊಂಡು ನೆಲದ ಮೇಲೆ ತೆವಳುತ್ತದೆ. ಬಚ್ಚಲ ಮೋರಿಯ ಜಾಲರಿ ಹೇಗೂ ಇವನು ಬಿಚ್ಚಿಟ್ಟಿರುತ್ತಾನೆ. ಎರಡು ದಿನ ಬಿಟ್ಟು ಅದೇ ಮನೆಯಿಂದ ಫೋನು: "ಮೋರಿ ಕಟ್ಟಿಕೊಂಡಿದೆ, ಒಳಗೆ ಏನೋ ಗುಳುಗುಳು ಅಂತಿದೆ, ಬಾ ಮಾರಾಯ."

"ಬಂದೆ ಅಮ್ಮ. ಬಕೆಟ್ ಒಂದು ಖಾಲಿ ಇಟ್ಟಿರಿ."