ಗಾಂಜಾ ಕೇಸಿನ ಅಪೀಲು: ಓದುವ ಮನಸ್ಸಿದೆ, ಹೊತ್ತಿಲ್ಲ

ಬೆಂಗಳೂರಿನ ಯಾವುದೋ ಗಾಂಜಾ ಕೇಸು ಹೈಕೋರ್ಟಿನಲ್ಲಿ ಬಿದ್ದುಹೋದರೆ ನಮ್ಮ ಮನೆಯವರದ್ದು ಒಂದೇ ಮಾತು: ‘ಟೆಕ್ನಿಕಲ್ ಪಾಯಿಂಟ್ ಹಿಡ್ಕೊಂಡು ತಪ್ಪಿಸ್ಕೊಂಡ.’ ಕ್ಯಾಲಿಫೋರ್ನಿಯಾದಲ್ಲಿರುವ ನನಗೆ ಹಾಗನ್ನಿಸುವುದಿಲ್ಲ.

ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ತುಂಬಾ ಬಿಗಿ. 20 ಕೆಜಿ ಮೀರಿದ ಗಾಂಜಾಕ್ಕೆ ಕನಿಷ್ಠ 10 ವರ್ಷ ಜೈಲು, 1 ಲಕ್ಷ ದಂಡ. ಮಾಲು ಸಿಕ್ಕಿದ್ದು ಸಾಬೀತಾದರೆ ‘ನನಗೆ ಗೊತ್ತಿರಲಿಲ್ಲ’ ಎಂದು ತೋರಿಸುವ ಹೊಣೆ ಆರೋಪಿಯದ್ದೇ. ಅಂದಮೇಲೆ ಪೊಲೀಸರಿಗೂ ಕಟ್ಟು ಬೇಕಲ್ವಾ? ಮೈ ತಪಾಸಣೆಗೆ ಮುಂಚೆ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಮುಂದೆಯೇ ತಪಾಸಣೆ ಕೇಳುವ ಹಕ್ಕಿದೆ ಎಂದು ಅವನಿಗೆ ತಿಳಿಸಲೇಬೇಕು. 2010ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದರಲ್ಲಿ ರಿಯಾಯಿತಿ ಇಲ್ಲ ಎಂದಿತು. ಬ್ಯಾಗಿನಲ್ಲಷ್ಟೇ ಸಿಕ್ಕ ಮಾಲಿಗೆ ಮಾತ್ರ ಈ ನಿಯಮ ಬರುವುದಿಲ್ಲ.

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಕೇಸುಗಳ ಅಪೀಲಿಗೆ 60 ದಿನ. ಬೆಂಗಳೂರಿನ ವಿಶೇಷ ಕೋರ್ಟಿನಿಂದ ಹೈಕೋರ್ಟಿಗೂ 60 ದಿನವೇ. ಹೋಲಿಕೆ ಅಲ್ಲಿಗೇ ಮುಗಿಯಿತು. ಜ್ಯೂರಿ, ಅಂದರೆ ತೀರ್ಪು ಕೊಡುವ ಸಾಮಾನ್ಯ ನಾಗರಿಕರ ತಂಡ, ನಂಬಿದ ಸಾಕ್ಷಿಯನ್ನು ಇಲ್ಲಿನ ಅಪೀಲು ಕೋರ್ಟು ಮತ್ತೆ ತೂಗುವುದಿಲ್ಲ. ವಿಚಾರಣೆಯಲ್ಲಿ ತಪ್ಪಾಯಿತು ಎಂದರೆ, ನಿಮ್ಮ ಲಾಯರ್ ಆಗಲೇ ಆಕ್ಷೇಪ ಎತ್ತಿದ್ದರೇ ಎಂದು ಕೇಳುತ್ತಾರೆ. ಎತ್ತಿರದಿದ್ದರೆ ಸಾಮಾನ್ಯವಾಗಿ ಆ ಬಾಗಿಲು ಮುಚ್ಚಿತು. ಎತ್ತಿದ್ದರೂ, ಆ ತಪ್ಪಿಲ್ಲದೆಯೂ ತೀರ್ಪು ಇದೇ ಆಗುತ್ತಿತ್ತು ಎನಿಸಿದರೆ ಶಿಕ್ಷೆ ಹಾಗೇ ಉಳಿಯುತ್ತದೆ.

ನಮ್ಮ ಹೈಕೋರ್ಟು ಇಡೀ ಕಡತವನ್ನೇ ಹೊಸದಾಗಿ ಓದುತ್ತದೆ. ಪಂಚನಾಮೆಯಲ್ಲಿ ಬರೆದ ತೂಕವೂ ವಿಧಿವಿಜ್ಞಾನ ಪ್ರಯೋಗಾಲಯವಾದ ಎಫ್‌ಎಸ್‌ಎಲ್‌ಗೆ ಹೋದ ಸ್ಯಾಂಪಲ್ಲೂ ಹೊಂದುತ್ತವೆಯೇ, ಸೀಲು ಸರಿಯಿತ್ತೇ, ಪಂಚರು ಉಲ್ಟಾ ಹೊಡೆದರೇ, ಎಲ್ಲವೂ ಮತ್ತೆ ಲೆಕ್ಕಕ್ಕೆ ಬರುತ್ತವೆ. ಸಣ್ಣಪುಟ್ಟ ಲೋಪಕ್ಕೆ ಅಲ್ಲೂ ಕೇಸು ಬೀಳುವುದಿಲ್ಲ, ಅದರಿಂದ ಅನ್ಯಾಯ ಆಗಿರಬೇಕು. ಆದರೆ ಸೆಷನ್ಸ್ ಜಡ್ಜ್ ನಂಬಿದ ಸಾಕ್ಷಿಯನ್ನು ಹೈಕೋರ್ಟು ನಂಬದೇ ಇರಬಹುದು. ಲಾಯರ್ ತೂಕಡಿಸಿದ್ದಕ್ಕೆ ಕಕ್ಷಿದಾರ ಜೈಲಿನಲ್ಲಿ ಕೊಳೆಯಬೇಕಿಲ್ಲ. ಈ ವಿಷಯದಲ್ಲಿ ನನ್ನ ವೋಟು ನಮ್ಮೂರಿಗೇ.

ಆದರೆ ಆ ಓದು ಯಾವಾಗ? ಕಮರ್ಷಿಯಲ್ ಪ್ರಮಾಣದ (ಗಾಂಜಾ ಆದರೆ 20 ಕೆಜಿ ಮೀರಿದ) ಕೇಸಾದರೆ, ಇವನು ತಪ್ಪಿತಸ್ಥ ಅಲ್ಲ ಎನ್ನಲು ಕಾರಣವಿದೆ ಎಂದು ಕೋರ್ಟಿಗೆ ಅನಿಸದ ಹೊರತು ಜಾಮೀನಿಲ್ಲ. ಶಿಕ್ಷೆಯಾದ ಮೇಲೆ ಅದನ್ನು ಒಪ್ಪಿಸುವುದು ಇನ್ನೂ ಕಷ್ಟ. ಅಪೀಲು ಸರದಿ ಕಾಯುತ್ತದೆ, ಅವನು ಪರಪ್ಪನ ಅಗ್ರಹಾರದಲ್ಲಿ ಕಾಯುತ್ತಾನೆ. ಇಲ್ಲೂ ಸಾಮಾನ್ಯವಾಗಿ ಒಳಗೇ ಇರಬೇಕು ಅನ್ನಿ. ಶಿಕ್ಷೆ ಅನುಭವಿಸುತ್ತಿರುವವರ ಎನ್‌ಡಿಪಿಎಸ್ ಅಪೀಲುಗಳನ್ನು ಹೊರಗಿರುವವರ ಅಪೀಲುಗಳಿಗಿಂತ ಮೊದಲು ಪಟ್ಟಿಗೆ ಹಾಕಲಿ. ಅದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ.